ನಡುವಿನ ಮನೆಯ ಶೆಟ್ಟರು

“ಮಾಮಿ, ಏಳಿ. ಹೊಸ್ತಿಲ ಮೇಲೆ ಯಾರಾದರೂ ಕೂತ್ಕೊಳ್ತಾರಾ?”

ಸುಧಾಕರ ಹೇಳಿ ಹೇಳಿ ಸೋತಿದ್ದ. ಶಶಿಪ್ರಭಕ್ಕ ಏಳಲಿಲ್ಲ. ಬದಲಿಗೆ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ಬಾಗಿಲ ದಾರಂದ ಹಿಡಿದು, ಇನ್ನಷ್ಟು ಅಗಲವಾಗಿ ಕುಳಿತರು. ಮೊದಲೇ ಅದು ಇಕ್ಕಟ್ಟಿನ ಬಾಗಿಲು, ಶಶಿಪ್ರಭಕ್ಕನೂ ಸಪೂರದವರಲ್ಲ. ದಾರಿ ಪೂರ್ತಿ ಬಂದ್ ಆಯಿತು.

ಒಳಗೆ ಚಾಪೆಯ ಮೇಲೆ ಅವರ ಗಂಡ ಸಂಕಪ್ಪ ಶೆಟ್ಟರು ಕಣ್ಣು ಮುಚ್ಚಿ ಮಲಗಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಕುಡಿದು, “ಸ್ವಲ್ಪ ಸುಸ್ತು” ಎಂದು ಒರಗಿದವರು ಏಳಲಿಲ್ಲ. ಹೊರಗೆ ಓಣಿಯಲ್ಲಿ ಅವರನ್ನು ಹುಟ್ಟೂರು ನಾರಾವಿಗೆ ಒಯ್ಯಲು ಜೀಪು ಬಂದು ನಿಂತಿತ್ತು. ಮೂರು ಮನೆಗಳಿಗೆ ಒಂದೇ ಹೆಂಚಿನ ಮಾಡು, ನಡುವೆ ಒಂದೊಂದೇ ಗೋಡೆ. ಅಂಥ ಸಾಲಿನಲ್ಲಿ ನಡುವಿನ ಮನೆ ಶೆಟ್ಟರದು. ಹಿಂದಿನ ಬಾಗಿಲಿನಿಂದ ಹೊರಟರೆ ಎರಡೂ ಬದಿಗೆ ಬೇಲಿಯಿದ್ದ ಉದ್ದದ ಒಂದು ಹಿತ್ತಲು, ಅದರ ಕೊನೆಗೆ ಕೆರೆ. ಹೆಣವನ್ನು ಆ ದಾರಿಯಲ್ಲಿ ಒಯ್ಯಬೇಕಾದರೆ ಹೊರುವವರಿಗೆ ಈಜು ಬರಬೇಕಿತ್ತು. ಹಾಗಾಗಿ ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ನಾರಾವಿಯಿಂದ ಬಂದ ಹಿರಿಯರೊಬ್ಬರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡಿದ್ದವರು ಅಡುಗೆಮನೆ ದಾಟಿ ಹಿತ್ತಲಲ್ಲಿ ಉಗಿಯಲು ಸಂಕೋಚಪಟ್ಟು, ಮಾತಾಡಲೂ ಆಗದೆ, ಎಲ್ಲರ ಮುಖವನ್ನೂ ದೀನವಾಗಿ ನೋಡುತ್ತಿದ್ದರು.

“ನಾನು ಎದ್ದರೆ ನೀನು ಅವರನ್ನು ಕೊಂಡು ಹೋಗ್ತಿ,” ಎಂದರು ಶಶಿಪ್ರಭಕ್ಕ. “ಅವರನ್ನು ಇಲ್ಲೇ ಸುಡಬೇಕು. ಇದು ಅವರ ಮನೆ.”

ಸುಧಾಕರ ಶೆಟ್ಟರ ಅಕ್ಕನ ಮಗ. ಅಳಿಯಸಂತಾನದ ಕಟ್ಟಿನಲ್ಲಿ ಗಂಡಸು ಎಲ್ಲಿ ದುಡಿದು ಎಲ್ಲಿ ಉಂಡರೂ ಸತ್ತ ಮೇಲೆ ತಾಯಿಮನೆಗೇ ಸೇರಿದವನು. ಒಯ್ಯುವ ಹಕ್ಕು ಅಳಿಯನದು. ಹೆಂಡತಿಯನ್ನು ಕೇಳುವ ಪದ್ಧತಿ ಇಲ್ಲ. ಅವನನ್ನು ಬೈದು ಓಡಿಸುವ ಹಾಗೂ ಇರಲಿಲ್ಲ. ಶೆಟ್ಟರಿಗೆ ಮಕ್ಕಳಿರಲಿಲ್ಲ. ಚಿತೆಗೆ ಬೆಂಕಿ ಕೊಡಲು ಇದೇ ಸುಧಾಕರನೇ ಬೇಕು.

“ಅಲ್ಲಿ ಮಾವಿನ ಮರ ಕಡಿದಾಗಿದೆ ಮಾಮಿ,” ಎಂದ ಅವನು ಸಣ್ಣ ಸ್ವರದಲ್ಲಿ.

ಇದು ಸಣ್ಣ ಮಾತಲ್ಲ. ಸತ್ತವರ ಮನೆಯ ಜಾಗದ ಮಾವಿನ ಮರ ಕಡಿದೇ ಚಿತೆ ಒಟ್ಟುವುದು ನಮ್ಮಲ್ಲಿ ಕ್ರಮ. ಶೆಟ್ಟರು ಬಸ್ ಏಜೆಂಟರಾಗಿದ್ದವರಾದ್ದರಿಂದ ಅವರ ಸುದ್ದಿಗೆ ತಂತಿ ಬೇಕಾಗಲಿಲ್ಲ. ಕಂಡಕ್ಟರುಗಳು ಟಿಕೆಟಿನ ಜೊತೆ ಸಾವಿನ ಸುದ್ದಿಯನ್ನೂ ಹರಿದು ಕೊಡುತ್ತಾ ಹೋದರು. ಇಲ್ಲಿ ಶಶಿಪ್ರಭಕ್ಕನ ಮೊದಲ ಅಳು ನಿಲ್ಲುವುದರೊಳಗೆ ಅಲ್ಲಿ ನಾರಾವಿಯಲ್ಲಿ ಕೊಡಲಿ ಬಿದ್ದಿತ್ತು.

“ಸಾವಿಗೆ ಅಂತ ಕಡಿದ ಮರ ಅಂಗಳದಲ್ಲಿ ಉಳಿಯಬಾರದು. ಉಳಿದರೆ ಮನೆಯ ಮುಂದಿನ ಹಿರಿಯ ಗಂಡಸನ್ನು ಕರೀತದಂತೆ,” ಎಂದ ಸುಧಾಕರ. ಈಗ ಆ ಮನೆಯ ಹಿರಿಯ ಗಂಡಸು ಅವನೇ.

*

ಸಂಕಪ್ಪ ಶೆಟ್ಟರು ಮೂಡಬಿದ್ರೆಯ ಬಸ್ ನಿಲ್ದಾಣದಲ್ಲಿ ದಿನವಿಡೀ “ಕಾರ್ಕಳ, ಕಾರ್ಕಳ, ಬೆಳ್ತಂಗಡಿ, ಬಂಟ್ವಾಳ” ಎಂದು ಕೂಗಿ ಜನ ಹತ್ತಿಸುತ್ತಿದ್ದವರು. ಊರಿನಲ್ಲಿ ಅವರಷ್ಟು ದೊಡ್ಡ ಗಂಟಲು ಇನ್ನೊಂದಿರಲಿಲ್ಲ. ಅಂಥ ಮನುಷ್ಯನಿಗೆ ಇದ್ದ ಆಸೆ ಒಂದೇ, ಸದ್ದಿಲ್ಲದ ಒಂದು ಸ್ವಂತ ಮನೆ. ಹುಟ್ಟಿದ್ದು ನಾರಾವಿಯ ತುಂಬು ಮನೆಯಲ್ಲಿ. ಅಲ್ಲಿ ಊಟಕ್ಕೆ ಕೂತರೆ ಚಾವಡಿಯ ಈ ತುದಿಯವರಿಗೆ ಮಜ್ಜಿಗೆ ಬರುವಾಗ ಆ ತುದಿಯವರಿಗೆ ಇನ್ನೂ ಸಾರು ಬಂದಿರುತ್ತಿರಲಿಲ್ಲ. ಎಲ್ಲರಿಗಿಂತ ಕಿರಿಯರಾದ ಶೆಟ್ಟರು ಯಾವಾಗಲೂ ಆ ತುದಿಯವರು. ಮದುವೆಯಾಗಿ ಬಂದ ಶಶಿಪ್ರಭಕ್ಕನಿಗೆ ಆ ಮನೆಯಲ್ಲಿ ಸ್ವಂತ ಒಲೆ ಹೋಗಲಿ, ಸ್ವಂತ ಸೌಟು ಕೂಡ ಇರಲಿಲ್ಲ.

ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ, ಕೆರೆಯ ಹತ್ತಿರದ ಓಣಿಯಲ್ಲಿ ಸಾಲುಮನೆಯ ನಡುವಿನದು ಮಾರಾಟಕ್ಕಿದೆ ಎಂದು ತಿಳಿದು ಗಂಡಹೆಂಡತಿ ಒಂದು ಮಧ್ಯಾಹ್ನ ನೋಡಲು ಹೋದರು. ಓಣಿಯ ಎರಡೂ ಬದಿಗೆ ಹಲಸು, ಹೊನ್ನೆ. ಬಿಸಿಲು ನೆಲಕ್ಕೇ ಬೀಳುತ್ತಿರಲಿಲ್ಲ. ಒಂದು ನರಪಿಳ್ಳೆಯ ಸದ್ದಿಲ್ಲ. ಶೆಟ್ಟರು ಒಳಗೆ ಹೋಗಿ ಈ ಗೋಡೆಗೆ ಕಿವಿಯಿಟ್ಟರು, ಆ ಗೋಡೆಗೆ ಕಿವಿಯಿಟ್ಟರು. ಆಮೇಲೆ ಜಗಲಿಗೆ ಬಂದು ಕೂತವರು ಹಾಗೇ ನಿದ್ದೆ ಹೋದರು. ಮಾರುವವನು ಮರ್ಯಾದಸ್ಥ, ಅವರು ಏಳುವ ತನಕ ಕಾದ. ಎದ್ದವರು ಹೆಂಚು ಸೋರುತ್ತದೆಯೇ, ಬಾವಿಯಲ್ಲಿ ನೀರುಂಟೇ, ಒಂದನ್ನೂ ಕೇಳದೆ, “ನನಗೆ ಇದೇ ಆಗ್ಬೇಕು,” ಎಂದುಬಿಟ್ಟರು.

“ಒಂದು ಸಲ ಬೆಳಿಗ್ಗೆ ಬಂದು ನೋಡುವನಾ?” ಎಂದು ಶಶಿಪ್ರಭಕ್ಕ ಕೇಳಿದ್ದು ನಿಜ.

“ಬೆಳಿಗ್ಗೆ ಎಂತ, ಗೋಡೆ ಬೇರೆ ಕಡೆ ಇರ್ತದಾ?” ಎಂದರು ಶೆಟ್ಟರು.

ಪಂಚಾಂಗ ನೋಡಿದ್ದರೆ ಸಾಕಿತ್ತು. ಅದು ರಂಜಾನ್ ತಿಂಗಳು. ದಕ್ಷಿಣದ ಮನೆಯ ತೆಂಗಿನಕಾಯಿ ವ್ಯಾಪಾರಿ ಇದಿನಬ್ಬನ ಸಂಸಾರ ಉಪವಾಸ ಹಿಡಿದು, ಹಗಲು ಒಲೆ ಹಚ್ಚದೆ ಮಲಗಿತ್ತು. ಉತ್ತರದ ಮನೆಯ ಡೊಂಬಯ್ಯ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವವನು. ಬೇಸಗೆಯಿಡೀ ಊರೂರು ತಿರುಗಾಟದಲ್ಲಿದ್ದ. ಶೆಟ್ಟರು ಹಾಲುಕ್ಕಿಸಿ ಒಕ್ಕಲಾದರು. ಹಿಂದೆಯೇ ರಂಜಾನ್ ಹಬ್ಬ ಬಂತು, ಮರುದಿನ ನಸುಕಿಗೆ ಇದಿನಬ್ಬನ ತಾಯಿ ರುಖಿಯಮ್ಮನ ಒನಕೆ ಶುರುವಾಯಿತು. “ಹೋಗಲಿ, ಒಂದು ಕಡೆಯಾದರೂ ಶಾಂತ ಉಂಟಲ್ಲ,” ಎಂದು ಶೆಟ್ಟರು ತಲೆದಿಂಬನ್ನು ಉತ್ತರದ ಗೋಡೆಗೆ ತಿರುಗಿಸಿದರು. ಅಷ್ಟರಲ್ಲಿ ಪತ್ತನಾಜೆ. ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಮನೆಗೆ ಮರಳುವ ದಿನ. ಡೊಂಬಯ್ಯ ಚೆಂಡೆ ಹೊತ್ತುಕೊಂಡು ಬಂದ. ಮಳೆಗಾಲ ಮುಗಿಯುವ ತನಕ ಕೈ ಜಡ್ಡುಗಟ್ಟಬಾರದೆಂದು ಅದೇ ಗೋಡೆಗೆ ಬೆನ್ನು ಕೊಟ್ಟು ಅಭ್ಯಾಸಕ್ಕೆ ಕೂತ. ಮೊದಲ ಪೆಟ್ಟಿಗೇ ಶೆಟ್ಟರ ಗೋಡೆಯ ದೀಪದ ಚಿಮಿಣಿ ಕೆಳಗೆ ಬಿತ್ತು.

ಮಾರಿದವನ ಹತ್ತಿರ ಶೆಟ್ಟರು ಓಡಿದರು. ಅವನು ನಿಧಾನಕ್ಕೆ, “ಗೋಡೆ ನಾನು ಕೊಟ್ಟದ್ದು ಶೆಟ್ರೇ. ಡೊಂಬಯ್ಯನನ್ನು ನಾನು ಕೊಟ್ಟದ್ದಲ್ಲ,” ಎಂದ. ಸದ್ದನ್ನು ತಡೆಯಲಾಗದ ಸಿಟ್ಟಿಗೆ ಶೆಟ್ಟರು ಮುಖಗಳನ್ನಾದರೂ ತಡೆಯುವ ಎಂದು ಹಿತ್ತಲಿನ ಎರಡೂ ಬದಿಗೆ ಕೆರೆಯ ತನಕ ಎತ್ತರದ ಬಿದಿರಿನ ಬೇಲಿ ಹಾಕಿಸಿದರು.

*

“ಇಲ್ಲಿ ಎಲ್ಲಿ ಸುಡುದು, ನೀವೇ ಹೇಳಿ,” ಎಂದ ಸುಧಾಕರ. “ಊರ ಸ್ಮಶಾನದಲ್ಲಾ? ನಾರಾವಿಯವರಿಗೆ ಒಂದು ತುಂಡು ಜಾಗಕ್ಕೂ ಗತಿ ಇಲ್ಲ ಅಂತ ಜನ ನಗ್ತಾರೆ.”

“ಹಿತ್ತಲು ಉಂಟಲ್ಲ. ಕೆರೆಯ ಹತ್ತಿರ ಮನೆಯಿಂದ ಬೇಕಾದಷ್ಟು ದೂರ ಉಂಟು.”

ಸುಧಾಕರ ಹೋಗಿ ನೋಡಿ ಬಂದ. ಮಾಮಿಯ ಹಟ ಈಗ ಅವನಿಗೂ ಅಂಟಿತ್ತು.

“ಅದು ಹಿತ್ತಲಾ ಮಾಮಿ? ಎರಡು ಕೈ ಚಾಚಿದರೆ ಎರಡು ಬೇಲಿಗೂ ಹತ್ತಿರ ಹತ್ತಿರ ಬರ್ತದೆ. ತಲೆ ದಕ್ಷಿಣಕ್ಕೆ ಇಡ್ಬೇಕು. ಮಾವ ಎಷ್ಟು ಉದ್ದ ಅಂತ ನಿಮಗೆ ಗೊತ್ತುಂಟು. ಅಡ್ಡಕ್ಕೆ ಮಲಗಿಸಿದರೆ ತಲೆ ಇದಿನಬ್ಬ ಬ್ಯಾರಿಯ ಬೇಲಿಯಲ್ಲಿ, ಕಾಲು ಡೊಂಬಯ್ಯನ ಬೇಲಿಯಲ್ಲಿ. ಸುತ್ತು ಬರ್ಲಿಕ್ಕೆ ನಾನು ಬೇಲಿ ಹತ್ತಿ ಇಳಿಯುದಾ?”

ಶಶಿಪ್ರಭಕ್ಕ ಮನಸ್ಸಿನಲ್ಲೇ ಹಿತ್ತಲನ್ನು ಅಳೆದು ನೋಡಿದರು. ದಾರಂದ ಹಿಡಿದ ಕೈ ಸಡಿಲವಾಗತೊಡಗಿತು. ಅವರಿಗೆ ಹೆದರಿಕೆಯಾಯಿತು. ನಾರಾವಿಯಲ್ಲಿ ಸುಟ್ಟರೆ ಬೊಜ್ಜವೂ ನಾರಾವಿಯಲ್ಲೇ. ಆ ಉತ್ತರಕ್ರಿಯೆಯ ಊಟದ ಎಲೆ ತೆಗೆದ ಮೇಲೆ ಅಲ್ಲಿ ತನ್ನನ್ನು ಕೇಳುವವರು ಯಾರು? ಶೆಟ್ಟರನ್ನು ಸುಟ್ಟ ಜಾಗದ ಹತ್ತಿರ ಒಂದು ಗಳಿಗೆ ನಿಂತು ಬರಲು ಕೂಡ ಇನ್ನೊಬ್ಬರ ಅಂಗಳ ದಾಟಿ, ಇನ್ನೊಬ್ಬರನ್ನು ಕೇಳಿ ಹೋಗಬೇಕು. ಮಾತು ಕೊಟ್ಟದ್ದು ಬೇರೆ ಇತ್ತು.

*

ಮಾತು ಕೊಟ್ಟದ್ದು ಈಚಿನ ಮಳೆಗಾಲದ ಆಟಿ ತಿಂಗಳಲ್ಲಿ. ಶೆಟ್ಟರಿಗೆ ಜ್ವರ ಬಂದು ಮಲಗಿದ್ದರು. ಕಾಯಿಲೆಯವರಿಗೆ ತೊಂದರೆಯಾಗಬಾರದೆಂದು ಡೊಂಬಯ್ಯ ಚೆಂಡೆಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ. ರುಖಿಯಮ್ಮ ಅಕ್ಕಿಯನ್ನು ಮಿಲ್ಲಿಗೆ ಕಳುಹಿಸಿದರು. ಮನೆ ಕೊಂಡ ಮಧ್ಯಾಹ್ನ ಕೇಳಿದ ಮೌನ ಅಷ್ಟು ವರ್ಷಗಳ ಮೇಲೆ ಪುನಃ ಬಂದಿತು. ಶೆಟ್ಟರಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹೊರಳಿ ಹೊರಳಿ ಸಾಕಾಗಿ ಎದ್ದು ಕೂತು ಊರುಗೋಲಿನಿಂದ ಉತ್ತರದ ಗೋಡೆಗೆ ಬಡಿದರು.

“ಎಂತ ಮಾರಾಯ, ನಾನು ಸತ್ತೆ ಅಂತ ಗ್ರಹಿಸಿದ್ಯಾ? ಬಾರಿಸು.”

ಗೋಡೆಯಾಚೆ ಡೊಂಬಯ್ಯ ಅಟ್ಟ ಹತ್ತುವ ಸದ್ದು ಕೇಳಿತು. ಚೆಂಡೆ ಶುರುವಾಯಿತು. ಶೆಟ್ಟರು ಹಾಯಾಗಿ ಹೊದಿಕೆ ಎಳೆದುಕೊಂಡರು. “ಶಶೀ,” ಎಂದರು, “ನನ್ನನ್ನು ನಾರಾವಿಗೆ ಕೊಂಡು ಹೋಗ್ಲಿಕ್ಕೆ ಬಿಡ್ಬೇಡ. ಅಲ್ಲಿ ಸತ್ತವರಲ್ಲಿಯೂ ನಾನು ಕೊನೆಯ ಎಲೆ. ಇಲ್ಲಿಯಾದರೆ ನಾನೇ ಯಜಮಾನ.”

“ಆಯ್ತು, ಬಿಡುದಿಲ್ಲ. ಮಲಗಿ ಈಗ,” ಎಂದಿದ್ದರು ಶಶಿಪ್ರಭಕ್ಕ. ಹೇಳುವಾಗ ಅದು ಇಷ್ಟು ಬೇಗ ತಗಲಿಕೊಳ್ಳುವ ಮಾತೆಂದು ಅವರಿಗೆ ಗೊತ್ತಿರಲಿಲ್ಲ.

*

ಪಕ್ಕದ ಜಗಲಿಯಲ್ಲಿ ತಲೆವಸ್ತ್ರ ಹೊದ್ದು ಕೂತಿದ್ದ ರುಖಿಯಮ್ಮ ಇಷ್ಟು ಹೊತ್ತೂ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಈಗ ಅಂಗಳದಲ್ಲಿ ನಿಂತಿದ್ದ ಮಗನನ್ನು ಕರೆದರು.

“ಇದಿನಬ್ಬಾ, ಆ ಹುಡುಗ ಎಂತ ಹೇಳುದು? ತಲೆ ಬೇಲಿಗೆ ತಾಗ್ತದಂತಾ?”

“ಹೌದು ಉಮ್ಮ.”

“ಹಾಗಾದ್ರೆ ಬೇಲಿ ತೆಗಿ.”

ಇದಿನಬ್ಬ ತಲೆ ಕೆರೆದುಕೊಂಡ. “ಅಲ್ಲ ಉಮ್ಮ, ನಮ್ಮ ಹಿತ್ತಲಲ್ಲಿ ಸುಡುದು ಅಂದ್ರೆ... ನಮ್ಮವರು ಕೇಳಿದ್ರೆ ಎಂತ ಹೇಳುದು?”

“ನನ್ನ ಹತ್ರ ಕಳಿಸು, ನಾನು ಹೇಳ್ತೇನೆ. ಶೆಟ್ರು ಇಷ್ಟು ವರ್ಷ ನನ್ನ ಒನಕೆಗೆ ತಲೆ ಕೊಟ್ಟು ಮಲಗಿದ್ದಾರೆ. ಒಂದು ದಿನಕ್ಕೂ ಬಂದು ಜೋರು ಮಾಡ್ಲಿಲ್ಲ, ಗೋಡೆಯ ಆಚೆಯಿಂದ ಬೈದದ್ದು ಮಾತ್ರ. ಇವತ್ತು ಒಂದು ದಿನ ನಮ್ಮ ಕಡೆ ತಲೆ ಇಟ್ಟರೆ ನೆಲ ಕಡಿಮೆ ಆಗ್ತದಾ?”

ಆ ಬದಿಯಿಂದ ಡೊಂಬಯ್ಯ, “ಕಾಲಿನ ಕಡೆ ನನ್ನದು. ನನ್ನ ಬದಿಯ ಬೇಲಿಯೂ ತೆಗೆಯುವ,” ಎಂದ. ಆಮೇಲೆ ಸ್ವಲ್ಪ ಬೇಸರದಲ್ಲಿ, “ತಲೆ ನನ್ನ ಕಡೆ ಬರುದಾದ್ರೆ ಒಳ್ಳೇದಿತ್ತು. ನನ್ನ ಪೆಟ್ಟು ಕೇಳಿ ಮಲಗಿದ ಜನ,” ಎಂದ.

“ದಕ್ಷಿಣ ದಿಕ್ಕನ್ನು ನಾನು ಇಟ್ಟದ್ದಾ?” ಎಂದ ಇದಿನಬ್ಬ.

ಸುಧಾಕರ ಒಳಗಿನಿಂದ, “ನೀವೆಲ್ಲ ಸೇರಿ ಜಾಗ ಮಾಡಿದ್ರಿ, ಸರಿ. ಅಲ್ಲಿ ಕಡಿದ ಮರ?” ಎಂದ. ಶಶಿಪ್ರಭಕ್ಕ ಆ ದಿನ ಮೊದಲ ಸಲ ತಿರುಗಿ ಅವನ ಮುಖ ನೋಡಿದರು. ಎಳವೆಯಲ್ಲಿ ತಾನೇ ಎತ್ತಿ ಆಡಿಸಿದ ಹುಡುಗ. ಹಟಕ್ಕಿಂತ ಹೆಚ್ಚಾಗಿ ಪ್ರಾಣಭಯದಲ್ಲಿ ನಿಂತಿದ್ದಾನೆ ಎಂದು ಅವರಿಗೆ ಆಗ ಅರ್ಥವಾಯಿತು. ಪಾಪ ಅನಿಸಿತು.

“ಮಾವನನ್ನು ಮರದ ಹತ್ರ ಕೊಂಡು ಹೋಗುದು ಎಂತಕ್ಕೆ ಮಗಾ? ಮರವನ್ನೇ ಇಲ್ಲಿಗೆ ತರುವ. ನಿನ್ನ ಮನೆಯ ಮರ, ಅವರ ಹುಟ್ಟಿದ ಮನೆಯದ್ದೇ. ಒಂದು ತುಂಡು ಬಿಡದೆ ಎಲ್ಲ ತಾ. ಇವತ್ತೇ ಉರಿದು ಹೋಗ್ಲಿ. ನಿನಗೆ ಎಂತ ಆಗುದಿಲ್ಲ.”

“ನನ್ನ ಲಾರಿ ಉಂಟು,” ಎಂದ ಇದಿನಬ್ಬ. “ಕಾಯಿ ಇಳಿಸಿ ಖಾಲಿ ನಿಂತಿದೆ.”

ಸುಧಾಕರ ಒಂದು ಕ್ಷಣ ಮಾವನ ಮುಖ ನೋಡಿದ. ತನ್ನ ಆಯುಸ್ಸಿಗೆ ಇದರಿಂದ ತೊಂದರೆ ಇಲ್ಲವೆಂದು ಖಾತ್ರಿಯಾದ ಮೇಲೆ ಅವನ ಭುಜ ಇಳಿಯಿತು.

“ಅಮ್ಮ ಕೇಳಿದ್ರೆ ಎಂತ ಹೇಳುದು?”

“ಮಾಮಿ ಹೊಸ್ತಿಲಲ್ಲಿ ಕೂತಿದ್ರು, ದಾಟ್ಲಿಕ್ಕೆ ಆಗ್ಲಿಲ್ಲ ಅಂತ ಹೇಳು. ಅವರಿಗೆ ನನ್ನ ಗಾತ್ರ ಗೊತ್ತುಂಟು.”

ಶಶಿಪ್ರಭಕ್ಕ ಮೊಣಕಾಲು ಒತ್ತಿಕೊಂಡು ಎದ್ದರು. ಅವರು ಪೂರ್ತಿ ಏಳುವ ಮೊದಲೇ ಎಲೆಯಡಿಕೆಯ ಹಿರಿಯರು ಸಂದಿಯಿಂದ ಹೊರಗೆ ನುಗ್ಗಿ ಹಲಸಿನ ಬುಡಕ್ಕೆ ಓಡಿದರು.

*

ಬೇಲಿ ಕೀಳುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಶೆಟ್ಟರು ಸಿಟ್ಟಿನಲ್ಲಿ ಹಾಕಿಸಿದ ಬೇಲಿ, ಗಟ್ಟಿ ಕೆಲಸ. ಬೈಯುತ್ತಾ, ಬೆವರುತ್ತಾ, ನಡುನಡುವೆ ಕಣ್ಣೊರೆಸಿಕೊಳ್ಳುತ್ತಾ ಡೊಂಬಯ್ಯ ಒಂದು ಕಡೆ, ಇದಿನಬ್ಬ ಒಂದು ಕಡೆ ಎಳೆದರು. ಬಸ್ ನಿಲ್ದಾಣದ ಜನವೂ ಕೈ ಹಾಕಿದರು. ಬಿಸಿಲು ಇಳಿಯುವಾಗ ಲಾರಿ ಬಂತು. ಸುಧಾಕರ ಮಾವಿನ ಎಲೆಯನ್ನು ಕೂಡ ಬಿಡದೆ ಗೋಣಿಯಲ್ಲಿ ತುಂಬಿಸಿ ತಂದಿದ್ದ.

ಹೆಂಗಸರು ಚಿತೆಯ ಹತ್ತಿರ ಹೋಗುವ ಕ್ರಮವಿಲ್ಲ. ಶಶಿಪ್ರಭಕ್ಕನಿಗೆ ಹೋಗುವ ಅಗತ್ಯವೂ ಬೀಳಲಿಲ್ಲ. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತಿತ್ತು. ನಾಳೆಯೂ ಕಾಣುತ್ತದೆ, ಅನ್ನಕ್ಕೆ ನೀರಿಟ್ಟು ಹೊರಗೆ ಬಂದರೆ ಸಾಕು ಎಂದು ಯೋಚನೆ ಬಂದು, ತಡೆದಿಟ್ಟ ಅಳುವೆಲ್ಲ ಒಟ್ಟಿಗೆ ಬಂತು. ಅವರು ಬಾಗಿಲಿಗೆ ಒರಗಿ ಸದ್ದು ಮಾಡಿಯೇ ಅತ್ತರು.

ಕೆರೆಯ ದಡದಲ್ಲಿ ಶೆಟ್ಟರು ಅಡ್ಡಕ್ಕೆ ಮಲಗಿದ್ದರು. ತಲೆ ಇದಿನಬ್ಬನ ಜಾಗದಲ್ಲಿ, ಕಾಲು ಡೊಂಬಯ್ಯನ ಜಾಗದಲ್ಲಿ, ನಡುವಿನ ಹೊಟ್ಟೆ ಮಾತ್ರ ಸ್ವಂತದ್ದರಲ್ಲಿ. ಸುಧಾಕರ ಒದ್ದೆ ಬಟ್ಟೆಯಲ್ಲಿ ಹೆಗಲ ಮೇಲೆ ನೀರಿನ ಕೊಡ ಹೊತ್ತು, ಕಾಲಿನ ಕಡೆಯಿಂದ ಸುತ್ತು ಹೊರಟ. ಕೊಡದ ತೂತಿನಿಂದ ಸಣ್ಣಗೆ ಸುರಿದ ನೀರು ಮಣ್ಣಿನ ಮೇಲೆ ಗೆರೆಯಾಗುತ್ತಾ ಬಂತು. ಡೊಂಬಯ್ಯನ ಹಿತ್ತಲು ದಾಟಿ, ಬೇಲಿ ಕಿತ್ತ ಗುಂಡಿ ದಾಟಿ, ಶೆಟ್ಟರ ಹಿತ್ತಲು ದಾಟಿ ಅವನು ಇದಿನಬ್ಬನ ಹಿತ್ತಲಲ್ಲಿ ತಲೆಯ ಕಡೆ ತಿರುಗುವಾಗ ರುಖಿಯಮ್ಮ ತಮ್ಮ ಹಿಂಬಾಗಿಲಿನಿಂದ ಮೆಲ್ಲಗೆ ಹೇಳಿದರು.

“ಮೆಣಸಿನ ಗಿಡ ಉಂಟು, ನೋಡಿಕೊಂಡು ಹೋಗು ಮಗಾ.”

ಸುಧಾಕರ ನಿಂತ. ಕೆಳಗೆ ನೋಡಿದ. ಎರಡು ಹೆಜ್ಜೆ ಹೊರಕ್ಕೆ ಸರಿದು, ಕಾಯಿ ಬಿಟ್ಟ ಮೆಣಸಿನ ಗಿಡದ ಆಚೆಯಿಂದ ಬಳಸಿ, ತಿರುಗಿ ಶೆಟ್ಟರ ಕಾಲಿನ ಕಡೆಗೆ ನಡೆದ. ಎರಡನೆಯ ಸುತ್ತಿಗೂ ಮೂರನೆಯ ಸುತ್ತಿಗೂ ಅವನು ಅದೇ ಒದ್ದೆ ಗೆರೆಯ ಮೇಲೆ ಹೆಜ್ಜೆ ಇಟ್ಟ. ಅಲ್ಲಿ ಬಂದಾಗಲೆಲ್ಲ ಗಿಡವನ್ನು ಒಳಗೆ ಬಿಟ್ಟುಕೊಂಡು, ಆಚೆಯಿಂದಲೇ ಬಳಸಿ ನಡೆದ.