ಕೆಂಪು ದಾರದ ಹೊಲಿಗೆ

ಬಚ್ಚಲ ನಲ್ಲಿಯ ಟಪ್ ಟಪ್ ಎಲ್ಲಿ ಹೋಯಿತು, ಕೆಟ್ಟ ನಲ್ಲಿ ತಾನಾಗಿ ಸರಿಹೋಗುವುದುಂಟೇ, ಇಲ್ಲ, ತಾನೇ ಮೊನ್ನೆ ಅದಕ್ಕೆ ಏನೋ ಮಾಡಿದ್ದಳು, ಇರಲಿ, ಈಗ ಅದಲ್ಲ, ತಂಗಿ ಬರುವ ಹೊತ್ತಾಯಿತು, ಕುಕ್ಕರಿನ ಪಕ್ಕ ಮಡಚಿಟ್ಟ ಈ ಹಿಡಿಬಟ್ಟೆ — ನೀಲಿ ಹೂವು, ಅಯ್ಯೋ, ಇದೂ ಅದರದ್ದೇ ತುಂಡು, ಫ್ರಿಜ್ಜಿನ ಮೇಲಿನ ಹೊದಿಕೆ ಅದರದ್ದು, ಹೊಲಿಗೆ ಮಿಷನ್ನಿನ ಗವಸು ಅದರದ್ದು, ತರಕಾರಿ ಚೀಲ, ಕಾಲೊರಸು, ಇಸ್ತ್ರಿ ಮೇಜಿನ ಹಾಸು, ಮನೆತುಂಬ ನೀಲಿ ಹೂವು ಚೆಲ್ಲಿಕೊಂಡಿದೆ, ಅಮ್ಮನ ಬೆಡ್‌ಶೀಟು ಮಾತ್ರ ಇಲ್ಲ. ಬೆಳಿಗ್ಗೆ ಫೋನಿನಲ್ಲಿ ತಂಗಿ ಕೇಳಿದ್ದು ಅದೊಂದನ್ನೇ, ಅಕ್ಕಾ, ಅಮ್ಮನ ಒಡವೆ ಪಾತ್ರೆ ಎಲ್ಲ ನೀನೇ ಇಟ್ಕೋ, ನಾವಿಬ್ರೂ ಮಲಗ್ತಿದ್ದ ನೀಲಿ ಹೂವಿನ ಬೆಡ್‌ಶೀಟ್ ಇತ್ತಲ್ಲ, ನಡುವೆ ಕೆಂಪು ಹೊಲಿಗೆ ಇರೋದು, ಅದು ಕೊಡು ಸಾಕು, ಅದಕ್ಕೆ ಇವಳು, ಬಾಯಿಗೆ ಬುದ್ಧಿ ಬೇಡವೇ, ಹೂಂ ಬಾ, ತೆಗೆದಿಟ್ಟಿದೀನಿ ಅಂದುಬಿಟ್ಟಳು. ತೆಗೆದಿಟ್ಟಿದ್ದಾಳಂತೆ. ಕತ್ತರಿ ಕೈಗೆ ಬಂದ್ರೆ ಇವಳಿಗೆ ಕಣ್ಣು ಕಾಣಲ್ಲ, ನಾನು ಹಳಬ ಆದ್ಮೇಲೆ ನನ್ನನ್ನೂ ಕಾಲೊರಸು ಮಾಡ್ತಾಳೆ ಅಂತ ಗಂಡ ಬಂದವರ ಮುಂದೆಲ್ಲ ನಗುತ್ತಾನೆ, ಅವಳೂ ನಗುತ್ತಿದ್ದಳು, ಇವತ್ತು ನಗು ಬರುತ್ತಿಲ್ಲ.

ಚಿಂದಿ ಚೀಲ ಮಗುಚಿ ನೆಲದ ಮೇಲೆ ಸುರಿದಳು, ಆ ಕೆಂಪು ಹೊಲಿಗೆಯ ಪಟ್ಟಿ ಒಂದು ಸಿಕ್ಕರೆ ಸಾಕು, ಎರಡು ಕಡೆಗೂ ಸಿಕ್ಕ ತುಂಡು ಜೋಡಿಸಿ ಹೇಗಾದರೂ — ಅಮ್ಮ ಜೋಡಿಸಿದ್ದಳಲ್ಲ. ನಡುಭಾಗ ಸವೆದು ಬೆಳಕು ಕಾಣತೊಡಗಿದಾಗ ಅಮ್ಮ ಅದನ್ನು ಉದ್ದಕ್ಕೂ ಸೀಳಿ, ಗಟ್ಟಿಯಾಗಿ ಉಳಿದ ಎರಡು ಅಂಚನ್ನು ನಡುವೆ ತಂದು ಕೂಡಿಸಿ ಹೊಲಿದಳು, ಸವೆದದ್ದು ಪಕ್ಕಕ್ಕೆ ಹೋಗಿ ಹಾಸಿಗೆಯ ಅಡಿ ಸೇರಿತು, ಬಿಳಿ ದಾರ ಮುಗಿದಿತ್ತು, ಕೆಂಪು ಪೋಣಿಸಿದಳು, ಯಾರು ನೋಡ್ತಾರೆ, ಮೇಲೆ ಮಲಗೋರು ನೀವೇ ತಾನೆ. ಅವತ್ತಿನಿಂದ ಅದು ಗಡಿ. ಆ ಕಡೆ ನಿಂದು, ಈ ಕಡೆ ನಂದು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಮ್ಮನ ಗಾದೆಯನ್ನೇ ತಂಗಿಗೆ ಎಸೆಯುತ್ತಿದ್ದಳು, ದೀಪ ಆರಿದ ಮೇಲೆ ಆ ಪುಟ್ಟ ಕೈ ಗಡಿ ದಾಟಿ ಬರುತ್ತಿತ್ತು, ಅಕ್ಕಾ, ಬೆರಳು ಹಿಡ್ಕೋ, ಭಯ ಆಗುತ್ತೆ, ತಳ್ಳುತ್ತಿದ್ದಳು, ಮತ್ತೆ ಬರುತ್ತಿತ್ತು, ಮತ್ತೆ ತಳ್ಳಿದಾಗ ತಂಗಿ ಬೆರಳನ್ನು ಸರಿಯಾಗಿ ಹೊಲಿಗೆಯ ಮೇಲೆ ಇಟ್ಟುಕೊಂಡು, ಇದು ಇಬ್ಬರದೂ, ಇಲ್ಲಿ ಇಟ್ರೆ ನೀನು ಬೈಯೋ ಹಾಗಿಲ್ಲ ಅಂತ, ದಾರದ ಮೇಲೆ ಬೆರಳು ಆಡಿಸುತ್ತ ಆಡಿಸುತ್ತ ನಿದ್ದೆ ಹೋಗುತ್ತಿದ್ದಳು, ಪಕ್ಕದಲ್ಲಿ ತನ್ನದೊಂದು ಬೆರಳು ಇಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು, ಇವಳು ಗೋಡೆಗೆ ತಿರುಗಿ ಮಲಗುತ್ತಿದ್ದಳು.

ಇಷ್ಟೆಲ್ಲ ನೆನಪಿದ್ದವಳಿಗೆ ಆ ದಿನ ಏನಾಗಿತ್ತು. ಅಮ್ಮ ಹೋದ ಮೇಲೆ ಅಮ್ಮನ ಬಟ್ಟೆಗಂಟು ಬಿಚ್ಚಿದಳು, ಬೆಡ್‌ಶೀಟು ಹರಡಿದಳು, ಕಣ್ಣು ನೋಡಿದ್ದು ಬರೀ ಬಟ್ಟೆ, ಎಷ್ಟು ಗಟ್ಟಿ ಉಳಿದಿದೆ, ಏನೇನು ಆಗುತ್ತೆ, ಮೊದಲು ಹೊಲಿಗೆ ಕತ್ತರಿಸಿ ತೆಗಿ, ಉಬ್ಬು ಇದ್ರೆ ಒರೆಸೋಕೆ ಬರಲ್ಲ, ಅದೂ ಅಮ್ಮನೇ ಕಲಿಸಿದ್ದು, ಅಮ್ಮ ಕಲಿಸಿದಂತೆಯೇ ಅಮ್ಮನ ಹೊಲಿಗೆಯನ್ನು ನೀಟಾಗಿ ಕತ್ತರಿಸಿ ಪಕ್ಕಕ್ಕೆ ಎಸೆದಳು, ಎಸೆದಳೇ, ಇಲ್ಲ, ಈ ಮನೆಯಲ್ಲಿ ಯಾವುದನ್ನೂ ಎಸೆಯುವುದಿಲ್ಲ, ಹಾಗಾದರೆ ಎಲ್ಲಿ, ಗಿಡಕ್ಕೆ ಕಟ್ಟಿದಳೇ, ಕಿಟಕಿಯಲ್ಲಿ ಬಗ್ಗಿ ನೋಡಿದಳು, ಅಲ್ಲಿರುವುದು ಹಳೇ ಲಂಗದ ಲಾಡಿ, ಪೊರಕೆಗೆ ಸುತ್ತಿದಳೇ, ಇಲ್ಲ, ಇವತ್ತೇ ನಿಜ ಹೇಳಿಬಿಡಲೇ, ಮಿಂಚಿ ಹೋದ ಕಾರ್ಯಕ್ಕೆ — ಬೆಲ್ಲು. ಚಿಂದಿಯನ್ನೆಲ್ಲ ಮಂಚದಡಿ ತಳ್ಳಿ ಬಾಗಿಲು ತೆರೆದಳು.

ತಂಗಿಯ ಕಿವಿಯ ಪಕ್ಕ ನೆರೆ, ಯಾವಾಗ ಬಂತು, ಬಾರೇ, ಎಷ್ಟು ಸೊರಗಿದೀಯ, ಬಿಸಿಲು ಅಕ್ಕಾ, ಮುಖ ತೊಳ್ಕೊಂಡು ಬರ್ತೀನಿ, ಕೈಯಲ್ಲಿ ಹೊಸ ಚೀಲ, ಖಾಲಿ, ಮಡಿಕೆ ಕೂಡ ಬಿಚ್ಚಿಲ್ಲ, ಬೆಡ್‌ಶೀಟು ಇಟ್ಟುಕೊಳ್ಳಲು ತಂದದ್ದು, ಅದನ್ನು ಕುರ್ಚಿಯ ಮೇಲಿಟ್ಟು ಬಚ್ಚಲಿಗೆ ಹೋದಳು, ಕಾಫಿಗೆ ಇಡಬೇಕು, ಹೇಳಬೇಕು, ಕಾಫಿ ಕುಡಿದ ಮೇಲೆ ಹೇಳುತ್ತೇನೆ, ನೀರಿನ ಸದ್ದೇ ಇಲ್ಲವಲ್ಲ, ಏನು ಮಾಡುತ್ತಿದ್ದಾಳೆ ಒಳಗೆ, ಸದ್ದಿಲ್ಲ, ಟಪ್ ಟಪ್ ಕೂಡ ಇಲ್ಲ — ಮೊನ್ನೆ, ನಲ್ಲಿ ಸೋರುವ ಸದ್ದಿಗೆ ನಿದ್ದೆ ಬಾರದೆ ಎದ್ದು ಹೋಗಿ, ಒಂದು ಪಟ್ಟಿ ಕಟ್ಟಿದರೆ ನೀರು ಅದರ ಗುಂಟ ಸುಮ್ಮನೆ ಬಕೆಟ್ಟಿಗೆ ಇಳಿಯುತ್ತೆ ಅಂತ, ಕೈಗೆ ಸಿಕ್ಕಿದ ಪಟ್ಟಿ —

ಬಚ್ಚಲ ಬಾಗಿಲಿಗೆ ಓಡಿ ನೋಡಿದರೆ ತಂಗಿ ಬಗ್ಗಿ ನಿಂತಿದ್ದಾಳೆ, ಮುಖ ತೊಳೆದಿಲ್ಲ, ತಿರುಗಿಯೂ ನೋಡುತ್ತಿಲ್ಲ, ಅಕ್ಕಾ ಇದು, ಅಂದಳು, ನಲ್ಲಿಯ ಕೊರಳಿಗೆ ಗಂಟು, ಗಂಟಿನಿಂದ ಕೆಳಗೆ ಕೆಂಪು ಹೊಲಿಗೆ, ಅದರ ಮೇಲೆ ತಂಗಿಯ ಒಂದು ಬೆರಳು, ಹನಿ ಇಳಿಯುತ್ತದೆ, ದಾರದಿಂದ ದಾರಕ್ಕೆ, ಬೆರಳನ್ನು ದಾಟಿ, ಸದ್ದಿಲ್ಲದೆ, ಇನ್ನೊಂದು ಹನಿ, ಪಕ್ಕದಲ್ಲಿ ಇನ್ನೊಂದು ಬೆರಳಿಗೆ ಜಾಗವಿದೆ, ಕೆಂಪು ಹೊಲಿಗೆ, ಅದರ ಮೇಲೆ ಒಂದೇ ಬೆರಳು