ಹನ್ನೊಂದು ಗಂಟೆಯ ದಾರಿ

ಹೊಲಿಗೆ ಮೆಷಿನ್ ರಿಪೇರಿ ಮಾಡುವವನನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಕಡ್ಡಿಯಂತಿದ್ದ ತಮ್ಮನಿಗೆ ಆ ಹೆಸರಿಟ್ಟವನು ಅವನ ಅಣ್ಣ. ಅಣ್ಣ ದೂರದೇಶದ ಊರೊಂದರಲ್ಲಿ ಲಿಫ್ಟ್ ಮೆಕ್ಯಾನಿಕ್. ಇಬ್ಬರ ನಡುವೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ.

ಅಮ್ಮ ತೀರಿಕೊಂಡಾಗ ಅಣ್ಣ ಬಂದು ತಲುಪುವಷ್ಟರಲ್ಲಿ ಅಂತ್ಯಕ್ರಿಯೆಯೆಲ್ಲ ಮುಗಿದಿತ್ತು. "ಮನಸ್ಸಿದ್ದಿದ್ರೆ ಹೊತ್ತಿಗೆ ಬರ್ತಿದ್ದೆ. ದೂರ ಅನ್ನೋದೆಲ್ಲ ನೆಪ" ಎಂದು ಸೂಜಿ ಹತ್ತು ಜನರೆದುರು ಮುಖಕ್ಕೆ ಹೊಡೆದಂತೆ ಹೇಳಿದ್ದ. ಅಣ್ಣ ಇನ್ನೂ ಬಿಚ್ಚದ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟುಹೋಗಿದ್ದ.

ಈಗ ಅತ್ತಿಗೆ ಫೋನ್ ಮಾಡಿದಳು. "ನಿಮ್ಮಣ್ಣ ಆಸ್ಪತ್ರೇಲಿದಾರೆ, ಮರಿ. ಹೃದಯದ ತೊಂದರೆ. ಬಾಯಿ ಬಿಟ್ರೆ ನಿನ್ನ ಹೆಸರೇ."

ಸೂಜಿ ಅಂಗಡಿಯ ಬಾಗಿಲೆಳೆದು ಟಿಕೆಟ್ ಆಫೀಸಿಗೆ ಓಡಿದ. ಅಲ್ಲಿನ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದಳು: "ಎಂಟು ಸಾವಿರದ ಆರುನೂರು ಕಿಲೋಮೀಟರ್. ನೇರ ವಿಮಾನದಲ್ಲಿ ಹನ್ನೊಂದು ಗಂಟೆ."

"ಬರೀ ಹನ್ನೊಂದೇ?"

"ಹತ್ತಿದ ಮೇಲೆ ಅಷ್ಟೇ, ಸರ್. ಆದ್ರೆ ವಾರಕ್ಕೆ ಮೂರೇ ಸಲ ಹೋಗೋದು. ನಾಡಿದ್ದು ಬೆಳಿಗ್ಗೆಗೆ ಒಂದು ಸೀಟಿದೆ."

"ಅಷ್ಟು ದಿನ ಕಾಯಕ್ಕಾಗಲ್ಲಮ್ಮ. ಇವತ್ತೇ ಹೇಗಾದ್ರೂ ಮಾಡಿ..."

"ನನಗೆ ಅರ್ಥ ಆಗುತ್ತೆ. ಆದ್ರೆ ವಿಮಾನ ಇರ್ಬೇಕಲ್ಲ?"

ಸೂಜಿ ಕೌಂಟರಿನ ಅಂಚು ಹಿಡಿದು ನಿಂತುಬಿಟ್ಟ. ಅಂದು ಅಣ್ಣನೂ ಇಂಥದ್ದೇ ಕೌಂಟರಿನೆದುರು ಹೀಗೇ ಅಂಗಲಾಚಿರಬಹುದೆಂದು ಅವನಿಗೆ ಹೊಳೆದದ್ದು ಆಗಲೇ.

ನಾಡಿದ್ದಿನ ಆ ಸೀಟನ್ನೇ ಹಿಡಿದು, ವಿಮಾನ ಹತ್ತುವ ಮೊದಲು ಅತ್ತಿಗೆಗೆ ಫೋನ್ ಮಾಡಿದ. "ನಿದ್ದೆ ಮಾಡ್ತಿದಾರೆ, ನೀನು ಬಾ" ಎಂದಳು ಅತ್ತಿಗೆ. ದಾರಿಯುದ್ದಕ್ಕೂ ಅವನು ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಪಕ್ಕದ ಸೀಟಿನ ಅಜ್ಜಿ ಬೆಲ್ಟ್ ಹಾಕಿಕೊಳ್ಳಲಾರದೆ ಒದ್ದಾಡಿದಾಗ ಹಾಕಿಕೊಟ್ಟ.

"ಯಾರನ್ನ ನೋಡಕ್ಕಪ್ಪ ಹೊರಟೆ?"

"ಅಣ್ಣನ್ನ, ಅಜ್ಜಿ. ಚೆನ್ನಾಗಿ ಬೈಸ್ಕೊಂಡು ಬರೋಣಾಂತ."

ಅಜ್ಜಿ ನಕ್ಕಳು. ಸೂಜಿಯೂ ನಕ್ಕ. ಹೊಟ್ಟೆ ತುಂಬ ಊಟವನ್ನೂ ಮಾಡಿದ.

ಇಳಿದು ಹೊರಬಂದಾಗ ಅತ್ತಿಗೆ ಕಂಬಿಗೆ ಒರಗಿ ನಿಂತಿದ್ದಳು. ಸ್ವೆಟರ್ ತಿರುವುಮುರುವಾಗಿತ್ತು.

"ಅಣ್ಣ ಹೇಗಿದಾನೆ?"

"ನೀನು ವಿಮಾನ ಹತ್ತೋ ಮುಂಚೇನೇ ಹೋಗ್ಬಿಟ್ರು, ಮರಿ."

"ಮತ್ತೆ ಫೋನಲ್ಲಿ..."

"ಗುರುತಿಲ್ಲದವರ ಮಧ್ಯೆ ಹನ್ನೊಂದು ಗಂಟೆ ಒಬ್ಬನೇ ಕೂತು ಹೇಗೆ ಅಳ್ತೀಯಾ ಅಂತ ಹೇಳ್ಲಿಲ್ಲ. ಬೈಯೋದಾದ್ರೆ ಬೈ. ನೀನು ಬರೋವರೆಗೂ ಏನೂ ಮಾಡ್ಬೇಡಿ ಅಂತ ಎಲ್ಲರಿಗೂ ಹೇಳಿದೀನಿ."

ಸೂಜಿಗೆ ಸಿಟ್ಟು ನೆತ್ತಿಗೇರಿತು. ತಾನು ದಾರಿಯಲ್ಲಿ ನಕ್ಕದ್ದು, ಉಂಡದ್ದು ನೆನಪಾಯಿತು. ಆದರೆ ಕಾಯುತ್ತೇವೆಂಬ ಮಾತನ್ನು ಅಮ್ಮ ತೀರಿಕೊಂಡ ದಿನ ಅಣ್ಣನಿಗೆ ಯಾರೂ ಹೇಳಿರಲಿಲ್ಲ, ತಾನೂ ಹೇಳಿರಲಿಲ್ಲ. ಅವನು ಅತ್ತಿಗೆಯ ಬತ್ತಿದ ಮುಖವನ್ನೇ ನೋಡಿದ.

"ಊಟ ಮಾಡಿದ್ರಾ, ಅತ್ತಿಗೆ?" ಎಂದ.

ಅಷ್ಟು ಹೊತ್ತು ತಡೆದುಕೊಂಡಿದ್ದವಳು ಆಗ ಬಿಕ್ಕಿಬಿಕ್ಕಿ ಅತ್ತಳು.

ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಅಣ್ಣ ಮಲಗಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕರೆ. "ಬಂದೆ ಅಣ್ಣಾ" ಎಂದಷ್ಟೇ ಹೇಳಿ ಸೂಜಿ ಆ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡ.

ಹೊರಬಂದಾಗ ಅತ್ತಿಗೆ ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋಗಿದ್ದಳು. ದೇಹವನ್ನು ಪಡೆಯುವ ಕಾಗದಕ್ಕೆ ಸಹಿ ಹಾಕುವವರು ಯಾರೆಂದು ನರ್ಸ್ ಕೇಳಿದಳು. ಅತ್ತಿಗೆಯನ್ನು ಎಬ್ಬಿಸಬೇಡಿರೆಂದು ಸನ್ನೆ ಮಾಡಿ, "ನಾನು ತಮ್ಮ" ಎನ್ನುತ್ತ ಅವನೇ ಮುಂದಾದ.