ಗಾರ್ಗಿಯ ಹಾಲ್‌ನಲ್ಲಿ ಗಾರ್ಗಿಗೆ ಸನ್ಮಾನ

ಶನಿವಾರ ಸಂಜೆ ನಾಲ್ಕಕ್ಕೆ ಲಂಡನ್ನಿನ ಕಿಂಗ್ಸ್‌ಬರಿಯ ಆಟದ ಹಾಲ್‌ನ ಬಾಗಿಲು ತಳ್ಳಿದ ಗಾರ್ಗಿಗೆ ಇನ್ನೂರು ಕುರ್ಚಿ ಕಂಡವು. ಬಾಸ್ಕೆಟ್ ಕಂಬಕ್ಕೆ ಚೆಂಡುಹೂವು ಸುತ್ತಿದ್ದರು. ಕೆಳಗೆ ಬ್ಯಾನರ್: ‘ಲಂಡನ್ನಿನಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿದ ಮೊದಲ ಕನ್ನಡತಿಗೆ ಸನ್ಮಾನ’.

ಸನ್ಮಾನವಿದೆ ಎಂದು ಗೊತ್ತಿತ್ತು. ಅದಕ್ಕೆ ತನ್ನ ತಂಡದ ಅಭ್ಯಾಸದ ಹೊತ್ತನ್ನೇ ಕಿತ್ತುಕೊಂಡಿದ್ದಾರೆಂದು ಗೊತ್ತಿರಲಿಲ್ಲ. ನಾಳೆ ಫೈನಲ್, ಹೆಂಗಸರ ತಂಡದ ಮೊದಲ ಫೈನಲ್. ಕ್ಲಬ್ಬಿನ ಗಂಡಸರಿಗೆ ವಾರಕ್ಕೆ ಐದು ಸಂಜೆ ಹಾಲ್, ಗೆದ್ದರೂ ಐದು, ಸೋತರೂ ಐದು. ಹೆಂಗಸರಿಗೆ ಅವರು ಬಿಟ್ಟ ಎಂಜಲು, ಶನಿವಾರದ ಈ ಎರಡು ಗಂಟೆ.

“ಅಂಕಲ್, ನಾಲ್ಕರಿಂದ ಆರು ನಮ್ದು!”

ಕನ್ನಡ ಸಂಘದ ಅಧ್ಯಕ್ಷ ಶೇಷಾದ್ರಿ ಮುಖ ಅರಳಿಸಿದರು. “ಅದಕ್ಕೇ ಅಲ್ವೇನಮ್ಮ ಇದನ್ನೇ ಬುಕ್ ಮಾಡಿದ್ದು! ನಿನ್ನ ಅಂಗಳದಲ್ಲೇ ನಿನಗೆ ಸನ್ಮಾನ. ನಿಮ್ಮ ಮ್ಯಾನೇಜರ್ ಪಾಪ ಒಳ್ಳೆಯವರು, ‘ಹೆಂಗಸರ ಪ್ರಾಕ್ಟೀಸ್ ತಾನೇ’ ಅಂತ ಬಿಟ್ಟುಕೊಟ್ರು.”

ಅಷ್ಟರಲ್ಲಿ ತಂಡದ ಒಂಬತ್ತು ಹುಡುಗಿಯರು ಜರ್ಸಿ ತೊಟ್ಟು, ಚೆಂಡು ಹಿಡಿದು ಒಳಬಂದರು. ಗಣ್ಯ ಅತಿಥಿಗಳೆಂದು ಅವರನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಹಿಂದಿನ ಆರು ಸಾಲಿಗೆ ವೇದಿಕೆಯೇ ಕಾಣದಾಯಿತು.

ಮೈಸೂರು ಪೇಟ ಬಂತು. ಗಾರ್ಗಿ ಆರಡಿ ಒಂದಿಂಚು, ಶೇಷಾದ್ರಿ ಐದಡಿ ಎರಡು.

“ಸ್ವಲ್ಪ ಬಗ್ಗಮ್ಮ.”

“ಬಗ್ಗಲ್ಲ ಅಂಕಲ್. ನೀವೇ ಹತ್ತಿ.”

ಹತ್ತಿದರು. ಕಾರ್ಯದರ್ಶಿ ರುದ್ರೇಶ ಕುರ್ಚಿ ಹಿಡಿದುಕೊಂಡ.

ಆಮೇಲೆ ಭಾಷಣ. ಮೊದಲ ಮೂವರೂ ಹೊಗಳಿದ್ದು ಗಾರ್ಗಿಯ ಅಪ್ಪ ಡಾಕ್ಟರ್ ರಾಮಪ್ರಸಾದರನ್ನು. ಒಂದು ಪಂದ್ಯಕ್ಕೂ ಬಾರದ ಅಪ್ಪ ಕೈಮುಗಿದು ಸ್ವೀಕರಿಸಿದರು. ಹನ್ನೆರಡು ವರ್ಷ ಕಾರಿನಲ್ಲಿ ಅವಳನ್ನು ಅಭ್ಯಾಸಕ್ಕೆ ಹೊತ್ತು ತಿರುಗಿದ ಅಮ್ಮ ವತ್ಸಲಾ ಮೂಲೆಯಲ್ಲಿ ಕುಳಿತಿದ್ದರು. ನಾಲ್ಕನೆಯವರು ಆನಂದತೀರ್ಥರು. “ಈ ಎತ್ತರಕ್ಕೆ ಗಂಡು ಸಿಗೋದು ಕಷ್ಟ. ಕೊಲಿಂಡೇಲ್‌ನಲ್ಲಿ ನಮ್ಮಕ್ಕನ ಮಗ ಇದಾನೆ, ಐದು ಎಂಟು...”

“ನಮ್ಮ ಟೀಮಿಗೆ ಅಷ್ಟು ಗಿಡ್ಡ ತಗೊಳ್ಳಲ್ಲ ಅಂಕಲ್,” ಎಂದಳು ಗಾರ್ಗಿ. ಸಭೆ ನಕ್ಕಿತು.

ಐದು ಗಂಟೆಗೆ ಶೇಷಾದ್ರಿ ಮಾನಪತ್ರ ಬಿಚ್ಚಿದರು. ಹನ್ನೊಂದು ಪುಟ. ಗಾರ್ಗಿ ಇಳಿದು ಅಮ್ಮನ ಕಿವಿಗೆ ಬಾಗಿದಳು.

“ಅಮ್ಮ, ಊಟ ಎಲ್ಲಿ?”

“ಹೊರಗ ಕ್ಯಾಂಟೀನ್‌ದಾಗ. ಆರಕ್ಕ. ಯಾಕ, ಹಸಿವಾತೇನು?”

“ಈಗ್ಲೇ ಬಡಿಸೋಕಾಗುತ್ತಾ?”

ವತ್ಸಲಾ ಮಗಳ ಮುಖ ನೋಡಿದರು, ಹನ್ನೊಂದು ಪುಟ ನೋಡಿದರು. “ಆಗದೇನು? ನಾ ಹೋಗಿ ಮುಚ್ಚಳ ತಗೀತೀನಿ. ನೀ ಕೂಗು.”

ಗಾರ್ಗಿ ಮೈಕ್ ಎಳೆದುಕೊಂಡಳು. “ಎಲ್ಲರೂ ಊಟಕ್ಕೆ ಏಳಿ! ಬಿಸಿಬೇಳೆಭಾತ್ ಆರ್ತಾ ಇದೆ. ಹೋಳಿಗೆ ಕಮ್ಮಿ ಇದೆಯಂತೆ!”

ನಾಲ್ಕು ಭಾಷಣಕ್ಕೂ ಅಲುಗದ ಸಭೆ ಎರಡೇ ನಿಮಿಷದಲ್ಲಿ ಖಾಲಿ. ಆನಂದತೀರ್ಥರು ಎಲ್ಲರಿಗಿಂತ ಮುಂದೆ. ಹುಡುಗಿಯರು ಕುರ್ಚಿ ಮಡಚಿ ಗೋಡೆಗೆ ಒಟ್ಟಿದರು.

ಶೇಷಾದ್ರಿ ಒಬ್ಬರೇ ಉಳಿದರು. “ಮಾನಪತ್ರ ಇನ್ನೂ ಒಂಬತ್ತು ಪುಟ ಇದೆಯಮ್ಮ.”

“ಓದಿ ಅಂಕಲ್, ಓಡ್ತಾ ಕೇಳ್ತೀವಿ. ಗೆರೆಯಿಂದ ಆಚೆ ನಿಂತ್ಕೊಳಿ.”

ಓದಿದರು. “ನಾರೀಕುಲತಿಲಕಳೇ...” ಎನ್ನುವಾಗ ಚೆಂಡು ಕಿವಿ ಸವರಿಕೊಂಡು ಹೋಯಿತು. ಐದನೇ ಪುಟದಲ್ಲಿ ಹಾಳೆ ಮಡಚಿದರು. ಆರನೇ ಪುಟ ಓದಬೇಕಿದ್ದ ಹೊತ್ತಿಗೆ ಪಂಚೆ ಎತ್ತಿಕಟ್ಟಿ ಕೂಗುತ್ತಿದ್ದರು: “ಎಡಗಡೆ ಹುಡುಗಿಗೆ ಕೊಡಮ್ಮ ಗಾರ್ಗಿ! ಅವಳ ಹತ್ರ ಯಾರೂ ಇಲ್ಲ!”

ಅವರು ಹೇಳಿದ್ದು ಸರಿಯಾಗಿತ್ತು. ಗಾರ್ಗಿ ಎಡಗಡೆಗೆ ಕೊಟ್ಟಳು.